ಅಗಳಿಗೆ ನಿದ್ದೆ ಬಂದ ಮಧ್ಯಾಹ್ನ

ಅವತ್ತು ನನ್ನನ್ನು ಬದುಕಿಸಿದ್ದು ಒಂದು ಸುಳ್ಳು. ದೇವರು ಕಾಪಾಡಿದ ಎಂದು ಮನೆಯವರೆಲ್ಲ ಹೇಳುತ್ತಾರೆ, ಹೇಳಲಿ. ನೆಲಕ್ಕೆ ಬಿದ್ದವಳು ನಾನು, ನನಗೆ ಗೊತ್ತಿದೆ.

ಮೊನ್ನೆ ಸಿಲಿಂಡರ್ ಬದಲಿಸುವಾಗ ಒಂದಿಷ್ಟು ಗ್ಯಾಸಿನ ವಾಸನೆ ಬಂತು. ಕೈ ಅಲ್ಲೇ ನಿಂತಿತು. ತಳಕಲ್ಲು ಊರಿನ ನಮ್ಮ ಈ ಹಳೆಯ ಮನೆ, ಇದೇ ಅಡುಗೆಮನೆಯ ಕಿಟಕಿ, ಸರಳಿಗೆ ಒತ್ತಿಕೊಂಡಿದ್ದ ಆ ಮುಖ... ಪಕ್ಕದ ಮನೆಯ ಖಾಲಾ. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಆಗ ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಶೇಂಗಾ ಕೀಳುವ ಕಾಲ, ಓಣಿಗೆ ಓಣಿಯೇ ಹೊಲದಲ್ಲಿತ್ತು. ಮನೆಯಲ್ಲಿ ನಾವಿಬ್ಬರೇ. ನಮ್ಮ ತಲೆಬಾಗಿಲಿಗೆ ಹಳೆಯ ಕಾಲದ ಅಗಳಿ. ಗೋಡೆಯ ತೂತಿನಿಂದ ಎಳೆದರೆ ಆ ಕಟ್ಟಿಗೆ ಬಾಗಿಲಿಗೆ ಅಡ್ಡ ಬರುತ್ತದೆ, ತಿರುಗಿ ತೂತಿನೊಳಗೆ ನೂಕಿದರೆ ಬಾಗಿಲು ತೆರೆಯುತ್ತದೆ. ಮಧ್ಯಾಹ್ನ ಮಲಗುವ ಮುಂಚೆ ನಾನು ಎಳೆಯುವುದನ್ನು ನೋಡಿ ನೋಡಿ, ಅವತ್ತು ಹುಡುಗಿಯೇ ಎಳೆದಿದ್ದಳು. ಜಾಣೆ ಎಂದೆ.

ಒಲೆಯ ಮೇಲೆ ಹಾಲು ಉಕ್ಕಿತು. ಓಡಿದೆ, ಚೆಲ್ಲಿದ ಹಾಲಿನ ಮೇಲೆ ಜಾರಿದೆ, ಚಪ್ಪೆ, ಸೊಂಟದ ಪಕ್ಕದ ಎಲುಬು, ಮುರಿಯಿತು. ಬೆಂಕಿ ಆರಿತ್ತು, ಗ್ಯಾಸು ಮಾತ್ರ ಸುಸ್ ಎನ್ನುತ್ತಲೇ ಇತ್ತು. ಒಲೆಯ ಕಟ್ಟೆ ಹುಡುಗಿಗೆ ಎಟಕುವುದಿಲ್ಲ, ನನಗೆ ತೆವಳಲೂ ಆಗುವುದಿಲ್ಲ. ಪಡಸಾಲೆಯಲ್ಲಿ, ಎತ್ತರದ ಗೂಡಿನಲ್ಲಿ, ದೇವರ ದೀಪ ಉರಿಯುತ್ತಿತ್ತು. ಗ್ಯಾಸು ಅಲ್ಲಿಗೆ ಮುಟ್ಟುವುದಷ್ಟೇ ಬಾಕಿ.

ನನ್ನ ಕೂಗು ಕೇಳಿ ಖಾಲಾ ಅಡುಗೆಮನೆಯ ಕಿಟಕಿಗೆ ಓಡಿ ಬಂದಳು. ಅಲ್ಲಿಂದ ಅವಳಿಗೆ ನಾನು ಕಾಣುತ್ತಿದ್ದೆ, ತಲೆಬಾಗಿಲು ಕಾಣುತ್ತಿರಲಿಲ್ಲ. ಬಾಗಿಲ ಬಳಿ ನಿಂತ ಹುಡುಗಿ ಕಾಣುತ್ತಿದ್ದುದು ಬಿದ್ದುಕೊಂಡಿದ್ದ ನನಗೆ ಮಾತ್ರ.

"ಅಗಳಿ ಎಡಕ್ಕ ನೂಕು, ಲಗೂನ!" ಎಂದು ಚೀರಿದೆ. ಆ ಕೂಸಿಗೆ ಎಡ ಯಾವುದು, ಬಲ ಯಾವುದು? ಬಲಕ್ಕೆ ಜಗ್ಗಿತು. "ಬಡಿತೀನಿ ನೋಡು" ಎಂದೆ. ಅಷ್ಟೇ... ಎರಡೂ ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡು, "ನಾ ಇಲ್ಲೆ ಇಲ್ಲ" ಎಂದು ನಿಂತುಬಿಟ್ಟಿತು. ತನಗೆ ನಾನು ಕಾಣದಿದ್ದರೆ ನನಗೂ ತಾನು ಕಾಣುವುದಿಲ್ಲ ಎಂಬ ಲೆಕ್ಕ.

"ನೀ ಸುಮ್ಮನಿರಬೇ ಯಕ್ಕಾ" ಎಂದು ಖಾಲಾ ನನ್ನನ್ನು ಗದರಿಸಿದಳು. ಆಮೇಲೆ, ಏನೂ ಆಗಿಲ್ಲದವಳ ಹಾಗೆ, "ಏ ಕೂಸ, ಅಗಳಿಗೆ ನಿದ್ದಿ ಬಂದೈತಂತ. ಅದರ ಹಾಸಿಗಿ ಎಲ್ಲೈತಿ?"

ಹುಡುಗಿ ಕಣ್ಣಿನ ಮೇಲಿನ ಕೈ ತೆಗೆದಳು. "ಗ್ವಾಡಿ ತೂತಿನ್ಯಾಗ."

"ಮತ್ತ ಮಲಗಸವ್ವಾ ಪಾಪ. ಸಾವಕಾಶ ನೂಕು. ಹೊಂಟೈತೇನು?"

ಹುಡುಗಿ ಸುಮ್ಮನೆ ತಲೆಯಾಡಿಸಿದಳು. ಗೋಡೆಯಾಚೆ ಇರುವವಳಿಗೆ ಅದು ಹೇಗೆ ಕಾಣಬೇಕು? ಹೊಂಟೈತಿ ಎಂದು ನಾನೇ ಹೇಳಿದೆ. "ಅದರ ಕಾಲೂ ಒಳಗ ಹೋಗ್ಲಿ, ಥಂಡಿ ಹತ್ತತೈತಿ" ಎಂದಳು ಖಾಲಾ. ಅಗಳಿ ಪೂರ್ತಿ ಒಳಗೆ ಹೋಯಿತು. ಖಾಲಾ ಸುತ್ತಿ ಬಂದು ಬಾಗಿಲು ದೂಡಿ, ದೀಪದ ಬತ್ತಿಯನ್ನು ಬೆರಳಿನಿಂದಲೇ ಹಿಸುಕಿ, ಒಲೆಯ ಗುಂಡಿ ತಿರುವಿದಳು.

ಏಳು ವರ್ಷದವಳಾದಾಗ ಹುಡುಗಿ ಖಾಲಾಳ ಕಟ್ಟೆಗೇ ಹೋಗಿ ಜಗಳ ತೆಗೆದಳು. "ಕಟ್ಟಿಗಿಗೆ ಜೀವಾನ ಇಲ್ಲ, ನಿದ್ದಿ ಹೆಂಗ ಬರತೈತಿ? ನೀ ಸುಳ್ಳಬುರುಕಿ."

ಖಾಲಾ ಬಾಯಿಯ ಎಲೆ ಅಡಿಕೆ ಸಿಡಿಯುವಂತೆ ನಕ್ಕಳು. "ಆವಾಗ ಬರ್ತಿತ್ತು, ವಕೀಲಮ್ಮ. ನೀ ದೊಡ್ಡಾಕಿ ಆದಿ, ಅದರ ನಿದ್ದಿ ಹಾರಿತು."

ಹನ್ನೊಂದು ವರ್ಷದವಳಾದಾಗ ಬೇರೆ ತಕರಾರು. ಒಲೆ ಎಟಕದಿದ್ದರೇನು, ಕೆಳಗೆ ಸಿಲಿಂಡರಿನ ಗುಂಡಿ ತಿರುವು ಅನ್ನಬೇಕಿತ್ತಂತೆ. ನಿಜ, ನಮಗಿಬ್ಬರಿಗೂ ಅದು ಹೊಳೆದಿರಲಿಲ್ಲ. ಹೊಳೆದಿದ್ದರೂ ಯಾವ ಕಡೆ ತಿರುವಬೇಕು ಎಂದು ಮತ್ತೆ ಅದೇ ರಗಳೆ ಆಗುತ್ತಿತ್ತು.

ನನ್ನ ಚಪ್ಪೆ ಸರಿ ಕೂಡಲಿಲ್ಲ. ಅಂದಿನಿಂದ ಕೋಲು, ಹೊಸ್ತಿಲು, ಕಟ್ಟೆ... ನನ್ನ ತಿರುಗಾಟ ಅಷ್ಟೇ. ಕಣ್ಣು ಮಂಜಾದ ಮೇಲೆ ಖಾಲಾ ಸಿದ್ದಾಪುರದ ಮಗಳ ಮನೆಗೆ ಹೋದಳು, ಹೋದ ವರ್ಷ ಅಲ್ಲೇ ತೀರಿಕೊಂಡಳು. ಮಣ್ಣಿಗೂ ನನ್ನನ್ನು ಕಳಿಸಲಿಲ್ಲ. ಈ ಕಾಲಿನಲ್ಲಿ ಬಸ್ಸು ಹತ್ತುತ್ತೀಯಾ ಎಂದರು ಮನೆಯವರು.

ಮೊಮ್ಮಗಳು ಈಗ ಹತ್ತನೇ ಇಯತ್ತೆ ಓದುತ್ತಿದ್ದಾಳೆ. ಮೊನ್ನೆ ವಾಸನೆ ಬಂದಾಗ ಸಿಲಿಂಡರ್ ಬಂದ್ ಮಾಡಿ, ಕಿಟಕಿಯ ಕಡೆ ತಿರುಗಿದಳು.

"ಅಜ್ಜಿ, ಅವತ್ತು ಗ್ಯಾಸೆಲ್ಲ ಕಿಟಕ್ಯಾಗ ಹಾದು ಹೊರಗ ಹೊಂಟಿತ್ತಲ್ಲ? ಭಕ್ಕಂತ ಹತ್ತಿದ್ರ ಖಾಲಾನ ಮಾರಿನೂ ಸುಡ್ತಿತ್ತು. ಆಕಿಗೆ ಗೊತ್ತಿತ್ತೇನು?"

ಗೊತ್ತಿತ್ತು. ಮೂಗಿಗೆ ಸೆರಗು ಹಿಡಿದೇ ಮಾತಾಡಿದ್ದಳು, ಗೊತ್ತಿಲ್ಲದೆ ಯಾರು ಹಿಡಿಯುತ್ತಾರೆ? ಇಷ್ಟು ವರ್ಷ ಆ ಕಿಟಕಿಯನ್ನು ನಾನು ಒಳಗಿನಿಂದಷ್ಟೇ ನೋಡಿದ್ದೆ. ಸಿಕ್ಕಿಬಿದ್ದವರು ನಾವಿಬ್ಬರೇ ಎಂದುಕೊಂಡಿದ್ದೆ. ಅವಳಿಗೆ ಓಡಲು ಇಡೀ ಓಣಿ ಖಾಲಿ ಇತ್ತು... ಓಡಲಿಲ್ಲ. ಯಾಕೆಂದು ಕೇಳೋಣವೆಂದರೆ ಅವಳೇ ಇಲ್ಲ.

ಮರುದಿನ ಬೆಳಿಗ್ಗೆ ಯಾರ ಮಾತೂ ಕೇಳದೆ ಮೊಮ್ಮಗಳ ಹೆಗಲು ಹಿಡಿದು ಬಸ್ಸು ಹತ್ತಿದೆ. ಕೊಪ್ಪಳದಲ್ಲಿ ಇಳಿದು, ಗಂಗಾವತಿಯಲ್ಲಿ ಇಳಿದು, ಸಿದ್ದಾಪುರ ಮುಟ್ಟುವಷ್ಟರಲ್ಲಿ ಕಾಲು ನನ್ನದೇ ಅನ್ನಿಸುತ್ತಿರಲಿಲ್ಲ. ಖಾಲಾಳ ಮಗಳು ಬಾಗಿಲು ತೆಗೆದಳು.

"ಅಯ್ಯ, ಇಂಥಾ ಕಾಲ ಇಟ್ಕೊಂಡು ಯಾಕ ಬಂದ್ರಿ?"

"ಅವತ್ತ ಆ ಕಿಟಕಿ ಬಿಟ್ಟು ಓಡಲಿಲ್ಲ ನಿಮ್ಮವ್ವ. ನಿನಗ ಹೇಳಿರಂಗಿಲ್ಲ, ಹೇಳಾಕ ಬಂದೀನಿ" ಎಂದು ಒಳಗೆ ಹೋಗಿ ಕುಳಿತೆ.