ಸದ್ದಿನ ದಾರಿ

ಬಾದಾಮಿಯಲ್ಲಿ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಸುತ್ತಾಡಿಸುತ್ತಿದ್ದ ಚಳಿಗಾಲದಲ್ಲಿ, ಅದು ಏರಿಳಿಯುವ ಮೈದಾನಕ್ಕೊಬ್ಬ ಮ್ಯಾನೇಜರ್ ಇದ್ದರು. ಸದ್ದಿನ ಬಗ್ಗೆ ಯಾರು ದೂರಿದರೂ ಅವರದು ಒಂದೇ ಮಾತು: "ಬಂದು ಕೇಳ್ತೇನ್ರಿ." ದೂರು ಹೇಳಿದವರ ಮನೆಗೇ ಬಂದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಕೂರುತ್ತಿದ್ದರು.

ನಮ್ಮ ಪಕ್ಕದ ಮನೆಯ ಕುರಿ ಸಾಕುವ ಅಜ್ಜಿ ಅವರ ಬಳಿ ಹೋಗಿ, "ಸಾಹೇಬ್ರ, ನಿಮ್ಮ ಸಪ್ಪಳಕ್ಕ ಕುರಿ ಬೆದರಿ ಮರಿ ತುಳದಾವ್ರಿ. ಒಂದು ಸತ್ತೈತಿ" ಎಂದಳು. ಮರುದಿನ ಅವರು ಕುರಿದೊಡ್ಡಿಯೊಳಗೇ ಬಂದು ನಿಂತರು. ನಾನು ಬೇಲಿಯ ಹೊರಗಿದ್ದೆ. ಹೆಲಿಕಾಪ್ಟರ್ ತಲೆಯ ಮೇಲೆ ಬಂದದ್ದೇ ತಡ, ಹಿಂಡು ಒಂದೇ ಬದಿಗೆ ನುಗ್ಗಿತು. ಮರಿಯೊಂದನ್ನು ಎತ್ತಿಕೊಳ್ಳಲು ಬಾಗಿದ ಮ್ಯಾನೇಜರ್ ಅದರ ಸಮೇತ ಬಿದ್ದರು. ಎದ್ದು, ಮರಿಯನ್ನು ಎದೆಗೊತ್ತಿಕೊಂಡೇ ಪೈಲಟ್‌ಗೆ ಫೋನ್ ಮಾಡಿದರು. "ನಾಳಿಯಿಂದ ಈ ಕಡೆ ಬ್ಯಾಡ್ರಿ. ಹೊಸ ಬಡಾವಣಿ ಮ್ಯಾಲೆ ಹೋಗ್ರಿ."

ಆ ಬಡಾವಣೆಯಲ್ಲೇ ಅವರ ಬಾಡಿಗೆ ಮನೆ ಇದ್ದದ್ದು ನನಗೆ ತಿಳಿದದ್ದು, ಅಜ್ಜಿ ಕೊಟ್ಟ ಕಂಬಳಿಯನ್ನು ಮುಟ್ಟಿಸಲು ಹೋದಾಗ. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಹೆಲಿಕಾಪ್ಟರ್ ಬಂತು. ಅವರ ಹೆಂಡತಿ ಮಾತು ನಿಲ್ಲಿಸದೆಯೇ ಎದ್ದು, ಕೂಸಿನ ಕಿವಿಗಳ ಮೇಲೆ ಅಂಗೈ ಇಟ್ಟರು.

"ಬ್ಯಾರೆ ದಾರಿ ಇಲ್ಲೇನ್ರಿ?" ಎಂದೆ.

"ಎಲ್ಲಿ ಹೋದ್ರೂ ಕೆಳಗ ಯಾರರ ಇರ್ತಾರ್ರಿ," ಎಂದರು ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್. "ಹಾರೋದನ್ನ ಕಡಿಮಿ ಮಾಡ್ರಿ ಅಂತ ಮಾಲಕರಿಗೆ ಹೇಳೇನಿ."

ಚಳಿಗಾಲ ಮುಗಿಯುವ ಮೊದಲೇ ಅವರ ಕೆಲಸ ಹೋಯಿತು. ಆದರೆ ಮಧ್ಯಾಹ್ನದ ಹಾರಾಟವನ್ನು ನಿಲ್ಲಿಸಿಯೇ ಹೋಗಿದ್ದರು. ಅದು ಮತ್ತೆ ಶುರುವಾಗಲಿಲ್ಲ. ಬಡಾವಣೆಯ ಕೂಸುಗಳು ಆ ಹೊತ್ತಿನಲ್ಲಿ ಮಲಗುತ್ತವೆ.