ಮುರಿದ ವ್ಯಾಪಾರ ಮತ್ತು ಮಾಮಾನ ವಲ್ಲಿ

ಮೊನ್ನೆ ಕಪಾಟಿನ ಮೇಲಿನ ಖಾನೆಯಿಂದ ರಗ್ಗು ಎಳೆಯಹೋದವಳ ತಲೆಯ ಮೇಲೆ ಒಂದು ಬಿಳಿ ವಲ್ಲಿ ಬಿತ್ತು. ವಲ್ಲಿ ಅಂದರೆ ನಮ್ಮ ಕಡೆ ಗಂಡಸರು ಹೆಗಲ ಮೇಲೆ ಹಾಕುವ ಬಟ್ಟೆ. ಬಿಳಿ ಎನ್ನುವುದು ಅದರ ಹುಟ್ಟಿನ ಬಣ್ಣ. ಈಗ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂದು ನಿಂತಿದೆ. ತಂಬಾಕು, ಸುಣ್ಣ, ಎತ್ತಿನ ಮೈ, ಸಂತೆಯ ಧೂಳು ಎಲ್ಲ ಕೂಡಿದ ಅದರ ವಾಸನೆ ಎಷ್ಟು ಒಗೆದರೂ ಹೋಗಿಲ್ಲ. ನಿಜ ಹೇಳಿದರೆ ನಾನು ಒಗೆದದ್ದು ಒಂದೇ ಸಲ, ಅದೂ ಸಾಬೂನು ಮುಟ್ಟಿಸದೆ. ಇದು ನನ್ನ ಸೋದರಮಾವ ಸಾಬಣ್ಣನದು. ಕ್ವಾಂಟಮ್ ಮಾಹಿತಿ ವಿಜ್ಞಾನದ ಸಮ್ಮೇಳನಕ್ಕೆ ನಾನು ಕಳಿಸಿದ ಪ್ರಬಂಧ ಈ ಬಟ್ಟೆಯ ಕೆಳಗಿಂದಲೇ ಹೊರಬಂತು ಎಂದರೆ ನೀವು ನಗುತ್ತೀರಿ. ನಗಿರಿ, ಆದರೆ ಕೂತುಕೊಂಡು ನಗಿರಿ. ನನಗೆ ಯಾವ ಮಾತನ್ನೂ ನೇರ ಹೇಳಿ ಮುಗಿಸುವ ಅಭ್ಯಾಸವಿಲ್ಲ.

ಮಾಮಾ ಕೆಂಭಾವಿ ಸಂತೆಯಲ್ಲಿ ದನದ ದಲಾಲಿ. ಮಾರುವವನಿಗೂ ಕೊಳ್ಳುವವನಿಗೂ ನಡುವಿನ ಮನುಷ್ಯ. ಅಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಮಾಮಾ ಮಾರುವವನ ಕೈ ಹಿಡಿದು ಮೇಲೆ ವಲ್ಲಿ ಹೊದಿಸುತ್ತಾನೆ. ಒಳಗೆ ಬೆರಳುಗಳು ಮಾತಾಡುತ್ತವೆ. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಅದೇ ವಲ್ಲಿ, ಅದೇ ಮಾತು. ಒಂದು ಬೆರಳು ಹಿಡಿದರೆ ಒಂದು, ಮುಷ್ಟಿ ಹಿಡಿದರೆ ಐದು, ಅಂಗೈ ಕೆರೆದರೆ ಒಲ್ಲೆ, ಅಂಗೈಗೆ ಅಂಗೈ ಒತ್ತಿದರೆ ಕುದುರಿತು. ಸುತ್ತ ನೂರು ಮಂದಿ ನಿಂತಿದ್ದರೂ ಅವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಯಾರಾದರೂ ವಲ್ಲಿಯ ಅಂಚು ಎತ್ತಿ ಇಣುಕಿದರೆ ಆ ವ್ಯಾಪಾರ ಅಲ್ಲಿಗೇ ಮುರಿಯಿತು, ಮತ್ತೆ ಮೊದಲಿಂದ. ಓದು ಬರಹಕ್ಕಿಂತ ಮೊದಲು ನಾನು ಕಲಿತ ಲಿಪಿ ಈ ಬೆರಳಿನದು.

ಕಲಿತದ್ದು ಹೌದು, ಮುಚ್ಚಿಟ್ಟದ್ದೂ ಹೌದು. ಎಮ್ಮೆಸ್ಸಿಗೆಂದು ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದಾಗ ಮಾಮಾ ಒಂದು ದಿನ ರೊಟ್ಟಿಗಂಟು ಹಿಡಿದು ಬಾಗಿಲಿಗೆ ಬಂದ. ಗೆಳತಿಯರು ಯಾರು ಎಂದು ಕೇಳಿದರು. ‘ನಮ್ಮ ಊರವರು’ ಎಂದೆ. ಮಾಮಾ ಎಂದೂ ಅನ್ನಲಿಲ್ಲ, ದಲಾಲಿ ಎಂದೂ ಅನ್ನಲಿಲ್ಲ. ಅವನು ಮೂರು ಹೆಜ್ಜೆ ದೂರದಲ್ಲಿ ಚಪ್ಪಲಿ ಬಿಡುತ್ತಿದ್ದ. ಕೇಳಿಸಿತೋ ಇಲ್ಲವೋ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಆ ರೊಟ್ಟಿ ಮಾತ್ರ ಎಲ್ಲರಿಗಿಂತ ಹೆಚ್ಚು ತಿಂದವಳು ನಾನೇ.

ಮುಂದೆ ಶಹಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸತೊಡಗಿದೆ. ಪಾಠ ಮುಗಿದ ಮೇಲೆ ನನ್ನದೊಂದು ಹುಚ್ಚು ಇತ್ತು. ದೂರದಲ್ಲಿರುವ ಇಬ್ಬರು ಬೆಳಕಿನ ಕಣಗಳನ್ನು ನಡುವಿನವನೊಬ್ಬನಿಗೆ ಕಳಿಸುತ್ತಾರೆ. ಅವನು ಅವುಗಳನ್ನು ಕೂಡಿಸಿ ಬಂದ ಉತ್ತರ ಹೇಳುತ್ತಾನೆ. ಅದರಿಂದ ಇಬ್ಬರಿಗೂ ತಮ್ಮ ಸಂದೇಶಕ್ಕೆ ಬೀಗ ಹಾಕುವ ಒಂದು ಗುಟ್ಟಿನ ಕೀಲಿ ಸಿಗುತ್ತದೆ, ನಡುವಿನವನಿಗೆ ಸಿಗುವುದಿಲ್ಲ. ಆದರೆ ಅವನು ಸುಳ್ಳು ಹೇಳಿದರೆ? ಅದಕ್ಕೆ ಇಬ್ಬರೂ ಒಂದೇ ಬಗೆಯಲ್ಲಿ ಕಳಿಸಿ ಹೊಂದಿಕೆಯಾದ ಕಣಗಳಲ್ಲಿ ಒಂದಷ್ಟನ್ನು ಬಹಿರಂಗ ಮಾಡಿ ತಾಳೆ ನೋಡುತ್ತಾರೆ. ಬಹಿರಂಗವಾದದ್ದು ಕೀಲಿಗೆ ಬರುವುದಿಲ್ಲ, ನಷ್ಟ. ಹೊಂದದೆ ಹೋದ ಕಣಗಳನ್ನಂತೂ ಸೀದಾ ಬಿಸಾಡುತ್ತಾರೆ. ಇದರ ಮೇಲೆ ಪ್ರಬಂಧ ಬರೆದು ಆ ದೊಡ್ಡ ಸಮ್ಮೇಳನಕ್ಕೆ ಕಳಿಸಿದೆ. ಮೂರು ತಿಂಗಳ ಮೇಲೆ ತಿರಸ್ಕಾರ ಬಂತು. ಓದಿದವರೊಬ್ಬರು ಒಂದೇ ಪ್ರಶ್ನೆ ಕೇಳಿದ್ದರು: ಕಣಗಳೇ ಕಡಿಮೆ ಇದ್ದಾಗ ಎಲ್ಲವೂ ಪರೀಕ್ಷೆಗೇ ಖರ್ಚಾದರೆ ಕೀಲಿಗೆ ಉಳಿಯುವುದೇನು?

ಆ ವಾರ ಕೆಂಭಾವಿಗೆ ಹೋದೆ. ಮಾಮಾನ ಹೆಂಡತಿ ಮಲ್ಲಮ್ಮ ಅತ್ತಿ ರೊಟ್ಟಿ ಬಡಿಯುತ್ತಿದ್ದಳು. ಪುಂಡಿಪಲ್ಯದ ಮುಂದೆ ಕೂತು ನಾನು ತಾಟಿನೊಳಗೆ ಬೆರಳಾಡಿಸುತ್ತಿದ್ದುದನ್ನು ಮಾಮಾ ನೋಡಿದ.

‘ಯಾಕವ್ವಾ, ಎತ್ತು ಕಳಕೊಂಡವ್ರಂಗ ಕುಂತೀದಿ?’

ಕಣ, ಬೆಳಕು ಎಲ್ಲ ಬಿಟ್ಟು ಮಾರುವವ, ಕೊಳ್ಳುವವ, ದಲಾಲಿ ಎಂದು ಹೇಳಿದೆ. ದಲಾಲಿಯ ಮೇಲೆ ಸಂಶಯ ಎಂಬಲ್ಲಿಗೆ ಬರುವಾಗ ನಾಲಿಗೆ ತುಸು ತೊದಲಿತು. ಅವನಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು.

‘ನನ್ನ ಹ್ಯಾಂಗ ಪರೀಕ್ಷಾ ಮಾಡ್ತಿದ್ರು ಗೊತ್ತದೇನು? ಕುದುರಿದ ಯಾಪಾರ ಯಾರೂ ಬಿಚ್ಚಿ ಹೇಳಂಗಿಲ್ಲ, ಅದು ಗುಟ್ಟು. ಆದ್ರ ಮುರದದ್ದು ಇರ್ತಾವಲ್ಲ? ಮುರದ ಮ್ಯಾಲ ಇಬ್ರೂ ಚಾದಂಗಡ್ಯಾಗ ಕೂಡ್ತಿದ್ರು. ನಾ ಇಷ್ಟು ಅಂದಿದ್ದೆ, ನಿನಗೆಷ್ಟು ಅಂದಾನ ಸಾಬಣ್ಣ ಅಂತ ಕೇಳ್ಕೋತಿದ್ರು. ಎರಡೂ ಹೊಂದಲಿಲ್ಲಂದ್ರ ಮರು ಸಂತಿಗಿ ನನ್ನ ಕಡಿ ಯಾರೂ ಕೈ ಚಾಚ್ತಿರ್ಲಿಲ್ಲ.’

‘ಅದಕ್ಕ ಖರೇ ಮನಷಾ ಆಗಿ ಉಳದೀದಿ,’ ಎಂದಳು ಅತ್ತಿ ಒಲೆಯ ಮುಂದಿನಿಂದ. ‘ಇಲ್ಲಂದ್ರ ನಿನ್ನ ಕಥಿ ನನಗ ಗೊತ್ತಿಲ್ಲೇನು.’

ಮಾಮಾ ಅವಳ ಕಡೆ ನೋಡಲೇ ಇಲ್ಲ. ‘ಮುರದದ್ದು ಬಿಚ್ಚಿ ನೋಡಿದ್ರ ಯಾರದೇನು ಹೋಗ್ತದ, ಹೇಳು? ನೀವು ಓದಿದವ್ರು ಅದನ್ನ ಬಿಸಾಕಿ, ಕುದುರಿದ್ದನ್ನ ಕಡದು ನೋಡ್ತೀರಿ.’

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬಿಸಾಡುವ ಕಣಗಳಲ್ಲೂ ನಡುವಿನವನ ನಡತೆಯ ಗುರುತು ಇರುತ್ತದೆಂದು ತಿಳಿದವರು ನನಗಿಂತ ಮುಂಚೆಯೇ ಬರೆದಿದ್ದರು. ಅದನ್ನು ನಾನೇ ಕಂಡುಹಿಡಿದೆ ಎಂದರೆ ಮಾಮಾನ ಎದುರೇ ಸುಳ್ಳು ಹೇಳಿದಂತಾದೀತು. ಆದರೆ ನಡುವೆ ದಲಾಲಿ ಇದ್ದು ಕಣಗಳು ಬೆರಳೆಣಿಕೆಯಷ್ಟಿದ್ದಾಗ ಪರೀಕ್ಷೆಯ ಪೂರಾ ಭಾರ ಮುರಿದ ವ್ಯಾಪಾರಗಳ ಮೇಲೆ ಹಾಕಬಹುದೇ ಎಂದು ಲೆಕ್ಕ ಹಾಕಿದವರು ನನಗೆ ಸಿಗಲಿಲ್ಲ. ಎಂಟು ತಿಂಗಳು ಆ ಲೆಕ್ಕ ಹಾಕಿದೆ. ಶಹಾಪುರದಿಂದ ಯಾದಗಿರಿಯ ಬಸ್ಸಿನಲ್ಲಿ, ಸ್ಟೇಷನ್ನಿನ ಬೆಂಚಿನಲ್ಲಿ, ಪರೀಕ್ಷಾ ಕೋಣೆಯಲ್ಲಿ ಮಕ್ಕಳು ಬರೆಯುವಾಗ ಅವರ ಹಿಂದೆ ನಿಂತು. ಕೊನೆಗೆ ಉತ್ತರ ಬಂತು: ಭಾರ ಹಾಕಬಹುದು.

ಈಗ, ಆ ಲೆಕ್ಕದೊಡನೆ ಪ್ರಬಂಧವನ್ನು ಅದೇ ಸಮ್ಮೇಳನಕ್ಕೆ ಮತ್ತೆ ಕಳಿಸಿದಾಗಿನ ನನ್ನ ಜಾಣತನದ ಕಥೆ ಕೇಳಿ. ಆ ಸಮ್ಮೇಳನದಲ್ಲಿ ಬರೆದವರು ಯಾರೆಂದು ಓದಿ ತೂಗುವವರಿಗೆ ಗೊತ್ತಾಗಬಾರದು. ನಾನು ನನ್ನ ಹೆಸರು ತೆಗೆದೆ, ಕಾಲೇಜಿನ ಹೆಸರು ತೆಗೆದೆ, ಕಡತದ ಹೊಟ್ಟೆಯೊಳಗೆ ಅಡಗಿದ್ದ ಕಂಪ್ಯೂಟರಿನ ಹೆಸರನ್ನೂ ಹುಡುಕಿ ತೆಗೆದೆ. ಮೊದಲ ಪುಟದ ನೆತ್ತಿಯ ಮೇಲೆ ಮಾತ್ರ ಒಂದು ಸಾಲು ಹಾಗೇ ಇತ್ತು: ಮುರಿದ ವ್ಯಾಪಾರವನ್ನು ಬಿಚ್ಚಿ ನೋಡಲು ಕಲಿಸಿದವರು ನನ್ನ ಸೋದರಮಾವ, ಕೆಂಭಾವಿ ಸಂತೆಯ ದಲಾಲಿ ಸಾಬಣ್ಣ. ಮದುವೆಯ ಕಾರ್ಡಿರಲಿ, ಅರ್ಜಿಯಿರಲಿ, ಮೇಲೆ ದೊಡ್ಡವರನ್ನು ನೆನೆಯದೆ ನಮ್ಮಲ್ಲಿ ಯಾರೂ ಕಾಗದ ಶುರು ಮಾಡುವುದಿಲ್ಲ. ಆ ಸಾಲು ಗುರುತು ಕೊಡುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಕಳಿಸಿದ ಮರುದಿನ ಬೆಳಗ್ಗೆ ಸಂಘಟಕರ ಪತ್ರ ಬಂತು: ಗುರುತು ಕಾಣುತ್ತಿದೆ, ಗಡುವಿನೊಳಗೆ ತೆಗೆದು ಮತ್ತೆ ಕಳಿಸಿ, ಇಲ್ಲವಾದರೆ ಪರಿಗಣಿಸುವುದಿಲ್ಲ. ಭೂಮಿಯ ಯಾವ ಮೂಲೆಯಲ್ಲಾದರೂ ಆ ತಾರೀಖು ಇನ್ನೂ ಮುಗಿಯದಿದ್ದರೆ ಗಡುವೂ ಮುಗಿಯುವುದಿಲ್ಲ ಎಂಬ ಉದಾರ ನಿಯಮ ಅವರದು. ನಮ್ಮ ಲೆಕ್ಕಕ್ಕೆ ಅಂದೇ ಸಂಜೆ ಐದೂವರೆ. ಒಂದು ಸಾಲು ಅಳಿಸಲು ಒಂದು ನಿಮಿಷ ಸಾಕು. ನನ್ನ ಕೈ ಏಳಲಿಲ್ಲ. ಹಾಸ್ಟೆಲ್ಲಿನ ಬಾಗಿಲಲ್ಲಿ ಒಮ್ಮೆ ಅಳಿಸಿದ ಹೆಸರು ಅದು. ಎರಡನೇ ಸಲ ಅವನನ್ನು ಕೇಳದೆ ಅಳಿಸಲಾರೆ. ಫೋನು ಮಾಡಿದರೆ ಬಂದ್ ಆಗಿತ್ತು. ಗಂಟೆ ಹೊಡೆದರೆ ಎತ್ತುಗಳು ಬೆದರುತ್ತವೆ ಎಂದು ಮಾಮಾ ಸಂತೆಯ ದಿನ ಅದನ್ನು ಚಾಲೂ ಮಾಡುವುದಿಲ್ಲ. ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಕೆಂಭಾವಿ ಬಸ್ಸು ಹತ್ತಿದೆ. ಅದು ದಾರಿಯಲ್ಲಿ ಕೆಟ್ಟು ನಿಂತು, ನಾನು ಸಂತೆ ಮುಟ್ಟುವಾಗ ಮೂರೂವರೆ.

ಮಾಮಾ ಯಾರದೋ ಕೈ ಹಿಡಿದು ನಿಂತಿದ್ದ. ‘ತಡಿಯವ್ವಾ, ಕೈ ಒಳಗದ,’ ಎಂದ. ಆ ವ್ಯಾಪಾರ ಮುಗಿಯಲು ಅರ್ಧ ಗಂಟೆ. ಅಷ್ಟು ಉದ್ದದ ಅರ್ಧ ಗಂಟೆಯನ್ನು ಭೌತಶಾಸ್ತ್ರದಲ್ಲಿ ನಾನು ಓದಿಲ್ಲ. ಆಮೇಲೆ ಹೇಳಿದೆ: ‘ಮಾಮಾ, ಕಾಗದದಾಗಿಂದು ನಿನ್ನ ಹೆಸರು ತೆಗೀಬೇಕಾಗ್ಯದ. ಬರದವ್ರು ಯಾರಂತ ಪಂಚರಿಗಿ ಗೊತ್ತಾಗಬಾರದಂತ. ಪಂಚರು ಯಾರಂತ ನಮಗೂ ಹೇಳಂಗಿಲ್ಲ.’

‘ಅಂದ್ರ ವಲ್ಲಿ ಮುಚ್ಚಿ ಮಾಡೋ ಯಾಪಾರ.’

ಮಾಮಾ ಎಲೆಯಡಿಕೆಯ ಸಂಚಿ ಬಿಚ್ಚಿದ.

‘ಮತ್ತ ನೀ ವಲ್ಲಿ ತಗದು ಕೈ ತೋರಿಸಿದಿ. ಸಣ್ಣಾಕಿ ಇದ್ದಾಗಿಂದ ನನ್ನ ಸಂಗಾಟ ಸಂತಿಗಿ ಬಂದು ಇದೇ ಏನು ಕಲ್ತದ್ದು? ಹೆಸರು ಎಲ್ಲಿ ಓಡಿ ಹೋಗ್ತದ. ಮೊದಲು ಕುದುರಲಿ. ಕುದುರಿದ ಮ್ಯಾಲ ವಲ್ಲಿ ಝಾಡಿಸಿ ಹೆಗಲಿಗಿ ಹಾಕ್ಕೊಂಡು ಬೇಕಾದಷ್ಟು ಒದರು.’

‘ಹಂಗಲ್ಲ ಮಾಮಾ. ಹಾಸ್ಟೆಲ್‌ನಾಗ ಒಮ್ಮಿ...’

‘ಗೊತ್ತದ,’ ಎಂದ. ಎಲೆಗೆ ಸುಣ್ಣ ಸವರಿ ಮಡಚಿ ಬಾಯಿಗಿಟ್ಟ. ‘ಅದು ಮುರದ ಯಾಪಾರ. ಈಗ ಬಿಚ್ಚಿ ನೋಡಿದಿ, ಮುಗೀತು. ಗಡಿಯಾರ ನೋಡು.’

ಚಹಾದಂಗಡಿಯ ಬೆಂಚಿನ ಮೇಲೆ, ಬೆರಳಿಗಂಟಿದ ಮಿರ್ಚಿ ಭಜಿಯ ಎಣ್ಣೆ ಕೀಬೋರ್ಡಿಗೆ ತಾಗದಂತೆ ಕಿರುಬೆರಳಿನಿಂದ ಆ ಸಾಲು ಅಳಿಸಿದೆ. ಫೋನಿನ ಇಂಟರ್ನೆಟ್ಟು ಎರಡು ಸಲ ಕೈಕೊಟ್ಟಿತು. ಐದು ಗಂಟೆ ಹತ್ತು ನಿಮಿಷಕ್ಕೆ, ತಲುಪಿದೆ ಎಂಬ ಪತ್ರ ಬಂತು. ಮಾಮಾ ಅಷ್ಟೊತ್ತಿಗೆ ಇನ್ನೊಂದು ಕೈ ಹಿಡಿದಿದ್ದ.

ಫಲಿತಾಂಶ ಬಂದದ್ದೂ ಸಂತೆಯ ದಿನವೇ. ಅವನು ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ನಡುವೆ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಅವನ ಹೆಗಲಿನ ವಲ್ಲಿ ಎಳೆದು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿ, ಒಳಗೆ ಅವನ ಅಂಗೈಗೆ ನನ್ನ ಅಂಗೈ ಒತ್ತಿದೆ.

ಮಾಮಾ ನನ್ನ ಮುಖ ನೋಡಲಿಲ್ಲ. ಒಳ್ಳೆಯ ದಲಾಲಿ ಮುಖ ನೋಡುವುದಿಲ್ಲ. ಮರಳಿ ಒತ್ತಿದ, ಉಂಗುರದ ಬೆರಳು ನೋಯುವಷ್ಟು. ಆಮೇಲೆ ಎದ್ದು ವಲ್ಲಿ ಝಾಡಿಸಿದ. ಹಾಕಿದ್ದು ಅವನ ಹೆಗಲಿಗಲ್ಲ, ನನ್ನ ಹೆಗಲಿಗೆ. ‘ಎಲ್ಲರಿಗೂ ಚಾ ಕೊಡ್ರಿ,’ ಎಂದ. ‘ನಮ್ಮ ಹುಡುಗಿ ಯಾಪಾರ ಕುದುರ್ಸ್ಯಾಳ.’

‘ಎತ್ತೋ, ಎಮ್ಮಿಯೋ?’ ಎಂದು ಒಬ್ಬರು ಕೇಳಿದರು.

‘ಬೆಳಕು,’ ಎಂದ ಮಾಮಾ.

ಅಚ್ಚಾದ ಪ್ರಬಂಧದಲ್ಲಿ ಆ ಸಾಲು ಮೊದಲ ಪುಟಕ್ಕೇ ಮರಳಿತು. ಸಮ್ಮೇಳನದ ವೇದಿಕೆಯಲ್ಲಿ ಈ ವಲ್ಲಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಮಾತಾಡಿದೆ, ಶುರುವಿಗೆ ಅವನ ಹೆಸರು ಹೇಳಿಯೇ ಮಾತಾಡಿದೆ. ಈ ಸಲ ಮೂರು ಹೆಜ್ಜೆಯೇನು, ಹಿಂದಿನ ಸಾಲಿನವರಿಗೂ ಕೇಳಿಸಿರಬೇಕು.

ರಗ್ಗು ಕಪಾಟಿನಲ್ಲೇ ಉಳಿಯಿತು. ಅದೇ ಸಮ್ಮೇಳನದವರು ಈ ವರ್ಷ ನನ್ನನ್ನೂ ಪಂಚರಲ್ಲಿ ಒಬ್ಬಳನ್ನಾಗಿ ಮಾಡಿ, ಓದಿ ತೂಗಲು ಒಂದು ಪ್ರಬಂಧ ಕಳಿಸಿದ್ದಾರೆ. ಮೇಲೆ ಹೆಸರಿಲ್ಲ, ಊರಿಲ್ಲ. ಇದನ್ನು ಓದಲು ಕೂತಾಗ ವಲ್ಲಿಯನ್ನು ತೊಡೆಯ ಮೇಲೆ ಹರಡಿಕೊಳ್ಳುತ್ತೇನೆ, ಅದರ ಕೆಳಗೆ ಒಂದು ಕೈ ಇಡುತ್ತೇನೆ. ಇದನ್ನು ಬರೆದ ಆ ಕಡೆಯ ಕೈ ಯಾರದೋ ತಿಳಿಯದು. ಕಾಯುತ್ತಿದೆ ಎಂದು ಮಾತ್ರ ಗೊತ್ತು.