ಮೆಕ್ಯಾನಿಕ್ ಆಗಲು ಹೂ ಕೇಳಿದ್ದು

ಪಿಯುಸಿ ಮುಗಿಸಿದ ನನ್ನನ್ನು ಟೀಚರ್ ಟ್ರೈನಿಂಗಿಗೆ ಸೇರಿಸಬೇಕೆಂದು ಅಪ್ಪನ ಹಟ. ನನಗೋ ಅರಸೀಕೆರೆಯ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಹುಚ್ಚು. ನಮ್ಮ ಟ್ರ್ಯಾಕ್ಟರ್ ಕೆಟ್ಟಾಗಲೆಲ್ಲ ಹಾರನಹಳ್ಳಿಯಿಂದ ಮೆಕ್ಯಾನಿಕ್ ಬರಲೆಂದು ಕಾದು ಕಾದು ರೋಸಿಹೋಗಿದ್ದೆ.

"ಹೆಣ್ಣುಡ್ಗಿ ಟ್ರ್ಯಾಕ್ಟರ್ ಅಡೀಲಿ ಮಲಗಿದ್ರೆ ಜನ ಏನಂತಾರೆ?" ಎಂದು ಅಪ್ಪ ಕೂಗಾಡಿದ.

"ರಿಪೇರಿ ಆಯ್ತೇನವ್ವ ಅಂತಾರೆ" ಎಂದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಪ್ಪ ನನ್ನ ಜೊತೆ ಮಾತು ಬಿಟ್ಟ.

ಐಟಿಐಗೆ ಅರ್ಜಿ ಹಾಕುವ ಕೊನೆಯ ದಿನ ಬೆಳಿಗ್ಗೆ, ಅಪ್ಪ ನನ್ನನ್ನೂ ಅವ್ವನನ್ನೂ ಗುಡಿಗೆ ಕರೆದೊಯ್ದು ತೀರ್ಮಾನವನ್ನು ಊರಮ್ಮನಿಗೆ ಬಿಟ್ಟ. ನಮ್ಮ ಕಡೆ ಮದುವೆಯಿಂದ ಬೋರ್‌ವೆಲ್‌ವರೆಗೆ ಎಲ್ಲದಕ್ಕೂ ದೇವಿಯ ಹತ್ತಿರ ಹೂ ಕೇಳುತ್ತಾರೆ. ವಿಗ್ರಹದ ಎರಡೂ ಕಡೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ.

"ತಾಯಿ, ಮಗಳನ್ನ ಟೀಚರ್ ಓದುಸ್ತೀನಿ, ಬಲಗಡೆ ಕೊಡವ್ವ" ಎಂದು ಅಪ್ಪ ಕೈಮುಗಿದ. ಪೂಜಾರಿ ಗಂಟೆ ಬಾರಿಸಿದ. ಹೂ ಅಲುಗಲಿಲ್ಲ. ಅಪ್ಪ ಬೇಡಿದ, ಗದರಿದ, ಕೊನೆಗೆ ರೇಷ್ಮೆ ಸೀರೆಯ ಆಸೆಯನ್ನೂ ತೋರಿಸಿದ. ಊರಮ್ಮ ಕಮಕ್ ಕಿಮಕ್ ಎನ್ನಲಿಲ್ಲ. ಅತ್ತ ಜಾವಗಲ್ ಕಡೆಯಿಂದ ಅರಸೀಕೆರೆ ಬಸ್ಸು ಬರುವ ಹೊತ್ತಾಗಿತ್ತು. ನನಗೆ ತಡೆಯಲಾಗಲಿಲ್ಲ.

"ತಾಯಿ, ನಾನು ಮೆಕ್ಯಾನಿಕ್ ಆಯ್ತೀನಿ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಎಡಗಡೆ ಕೊಡು. ಸುಮ್ನಿದ್ರೆ ಒಪ್ಪಿದೀಯ ಅಂತ ತಿಳ್ಕೋತೀನಿ!"

"ಏಯ್, ದೇವ್ರಿಗೇ ಕಾನೂನ್ ಹೇಳ್ತೀಯೇನೇ?" ಅಪ್ಪ ಹೌಹಾರಿದ.

"ಕೇಳಿದ್ದಾಯ್ತಲ್ಲ ಬಿಡಪ್ಪ, ನೋಡಾನ" ಎಂದ ಪೂಜಾರಿ.

ನೋಡಿದೆವು. ಹೂ ಇದ್ದಲ್ಲೇ ಇತ್ತು. ನಾನು ಅವ್ವನಿಗೆ ಕಣ್ಣು ಹೊಡೆದೆ. ಪೂಜಾರಿ ಮಂಗಳಾರತಿ ಎತ್ತಿದ್ದೇ ತಡ, ಎಡಗಡೆಯ ಸೇವಂತಿಗೆ ಜಾರಿ ಕೆಳಗೆ ಬಿತ್ತು.

ನಾನೇ ಮಾಡಿದ ಕಾನೂನು, ನಾನೇ ಸೋತೆ. ದುಃಖ ಒತ್ತರಿಸಿ ಬಂದು ದೇವರೆದುರೇ ಗೊಳೋ ಎಂದು ಅತ್ತುಬಿಟ್ಟೆ.

ಅಪ್ಪ ಹೂವನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಬಗ್ಗಿ ಹೂ ಎತ್ತಿಕೊಂಡು ಕಣ್ಣಿಗೊತ್ತಿಕೊಂಡ.

"ಇದು ನಾನ್ ಕೇಳಿದ್ಕೆ ಕಣಪ್ಪ" ಎಂದು ಪೂಜಾರಿಗೆ ಹೇಳಿದ. "ತಡವಾಗಿ ಕೊಟ್ಟವ್ಳೆ, ಅಷ್ಟೇಯ. ಟೀಚರ್ ಬ್ಯಾಡ್ವಂತೆ."

ಪೂಜಾರಿ ಬಾಯಿ ತೆರೆಯುವ ಮೊದಲೇ ಅಪ್ಪ ನನ್ನ ರಟ್ಟೆ ಹಿಡಿದು ಎಳೆದ.

"ಕಣ್ಣೊರುಸ್ಕಂಡು ನಡಿಯವ್ವ, ಬಸ್ ಹೊಂಟೋಯ್ತದೆ."